ಐತಿಹಾಸಿಕ ಬಡಾವಣೆಯ ಸಂರಕ್ಷಣೆಗೆ ಯೋಜನೆ ರೂಪಿಸುವ ಬಗೆ

ಯೋಜನೆಯ ಕರಡಿಗೆ ಕೈ ಹಾಕುವ ಮೊದಲು ಬಡಾವಣೆಯ ಪ್ರತಿಯೊಂದು ಬೀದಿಯಲ್ಲೂ ನಡೆದು ನೋಡಬೇಕು. ಕಟ್ಟಡದ ಅಂದಾಜು ವಯಸ್ಸು, ಗೋಡೆಯ ಸಾಮಗ್ರಿ, ಈಗಿನ ಬಳಕೆ, ಮಾಲೀಕರು ಮತ್ತು ಬಾಡಿಗೆದಾರರ ವಿವರಗಳನ್ನು ಒಂದೇ ನಮೂನೆಯಲ್ಲಿ ದಾಖಲಿಸಿ, ಛಾಯಾಚಿತ್ರಗಳ ಸಮೇತ ನಕ್ಷೆಗೆ ಜೋಡಿಸಿಕೊಳ್ಳಿ. ಹೆಸರಾಂತ ಸ್ಮಾರಕಗಳ ಪಟ್ಟಿಯೊಂದೇ ಸಾಲದು. ಐತಿಹಾಸಿಕ ಪಟ್ಟಣಗಳ ಸಂರಕ್ಷಣೆಗೆಂದು ರೂಪಿಸಿದ ಅಂತರರಾಷ್ಟ್ರೀಯ ದಾಖಲೆಯಾದ 1987ರ ವಾಷಿಂಗ್ಟನ್ ಸನ್ನದು ಬೀದಿಗಳ ವಿನ್ಯಾಸವನ್ನೂ, ಕಟ್ಟಡಗಳಿಗೂ ತೆರೆದ ಜಾಗಗಳಿಗೂ ಇರುವ ಸಂಬಂಧವನ್ನೂ ಉಳಿಸಬೇಕಾದ ಗುಣಗಳೆಂದೇ ಎಣಿಸುತ್ತದೆ.

ದುರಸ್ತಿಯ ನಿಯಮಗಳನ್ನು ಬರೆಯುವಾಗ ಅವಸರ ಸಲ್ಲದು. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆ ನೆಲದಿಂದ ಏರಿದ ತೇವವನ್ನು ತನ್ನ ಮೈಯಿಂದಲೇ ಆರಿಸಿಕೊಳ್ಳುತ್ತದೆ. ಅದರ ಮೇಲೆ ಸಿಮೆಂಟ್ ಗಿಲಾವು ಮಾಡಿದರೆ ತೇವ ಒಳಗೇ ಸಿಲುಕಿ, ಲವಣಗಳು ಬಿಳಿ ಪುಡಿಯಾಗಿ ಹೊಮ್ಮಿ, ಕೊನೆಗೆ ಇಟ್ಟಿಗೆಯ ಮುಖವೇ ಪುಡಿಪುಡಿಯಾಗಿ ಉದುರುತ್ತದೆ. ಆದ್ದರಿಂದ ಸುಣ್ಣದ ಕೆಲಸ ಬಲ್ಲ ಗಾರೆಯವರನ್ನು ಹುಡುಕುವುದು, ಇಲ್ಲವಾದರೆ ತರಬೇತಿ ಕೊಡಿಸುವುದು ಯೋಜನೆಯ ವೆಚ್ಚದಲ್ಲಿಯೇ ಸೇರಿರಲಿ.

ಪುನಶ್ಚೇತನದ ಹೆಸರಿನಲ್ಲಿ ಮುಂಭಾಗಕ್ಕೆ ಬಣ್ಣ ಬಳಿದು ಕೈತೊಳೆದುಕೊಳ್ಳುವವರೇ ಹೆಚ್ಚು. ನನ್ನ ಮಟ್ಟಿಗೆ ನಿಜವಾದ ಪರೀಕ್ಷೆ ಬಾಡಿಗೆಯದು: ಬೀದಿ ಚೆಂದವಾದಂತೆ ಬಾಡಿಗೆ ಏರಿ, ಬಡಾವಣೆಗೆ ಜೀವ ತುಂಬಿದ್ದ ಕುಶಲಕರ್ಮಿಗಳೂ ಸಣ್ಣ ಅಂಗಡಿಗಳವರೂ ಜಾಗ ಖಾಲಿ ಮಾಡಬೇಕಾಗುತ್ತದೆ. ದುರಸ್ತಿಗೆ ಸಹಾಯಧನ ಪಡೆಯುವ ಮಾಲೀಕರು ನಿಗದಿತ ಅವಧಿಯವರೆಗೆ ಹಳೆಯ ಬಾಡಿಗೆದಾರರನ್ನು ಉಳಿಸಿಕೊಳ್ಳಬೇಕೆಂಬ ಷರತ್ತನ್ನು ಒಪ್ಪಂದದಲ್ಲೇ ಬರೆಯಿಸಿ. ಪಾಳುಬಿದ್ದ ಮೇಲಂತಸ್ತುಗಳನ್ನು ವಾಸಕ್ಕೆ ಅಣಿಗೊಳಿಸಲು ಅನುಮತಿಯನ್ನು ಸರಳಗೊಳಿಸಿ.

ಒಳಚರಂಡಿ, ನೀರಿನ ಕೊಳವೆ ಮತ್ತು ವಿದ್ಯುತ್ ತಂತಿಗಳ ಕೆಲಸ ಮುಗಿಯುವವರೆಗೆ ಕಲ್ಲುಹಾಸಿಗೆ ಕೈ ಹಾಕಬೇಡಿ. ಹೊಸದಾಗಿ ಹಾಸಿದ ಕಲ್ಲನ್ನು ಮರುವರ್ಷವೇ ಅಗೆಯುವುದನ್ನು ಕಂಡ ನಿವಾಸಿಗಳು ಮುಂದಿನ ಸಭೆಗೆ ಬರುವುದಿಲ್ಲ.