ಮಕ್ಕಳ ಜೊತೆ ಕೂತು ಗಾಳಕ್ಕೆ ಫ್ಲೈ ಕಟ್ಟೋದು

ಮಳೆಗಾಲದಲ್ಲಿ ಕಾರವಾರದಲ್ಲಿ ಮಕ್ಕಳನ್ನ ಮನೆಯೊಳಗೆ ಕೂರಿಸೋದು ಸುಲಭ ಅಲ್ಲ, ನಾನಂತೂ ಫ್ಲೈ ಕಟ್ಟೋಕೆ ಹಚ್ತೀನಿ, ಅಂದ್ರೆ ಗಾಳಕ್ಕೆ ಗರಿ, ದಾರ ಸುತ್ತಿ ಹುಳನೋ ಸಣ್ಣ ಮೀನೋ ಅನ್ನೋ ಹಾಗೆ ಮಾಡೋದು.

ಶುರುವಿಗೆ 4 ಇಲ್ಲಾ 6ನೇ ನಂಬರ್ ಗಾಳ ಸಾಕು, ನಂಬರ್ ಜಾಸ್ತಿ ಆದಷ್ಟು ಗಾಳ ಸಣ್ಣ. ಮಕ್ಕಳ ಕೈಗೆ ಕೊಡೋ ಮೊದ್ಲೇ ಗಾಳದ ಒಳಮುಳ್ಳನ್ನ ಇಕ್ಕಳದಲ್ಲಿ ಅಮುಕಿ ಚಪ್ಪಟೆ ಮಾಡಿ, ಇದೊಂದು ಮರೀಬೇಡಿ. ಗಾಳ ಬಿಗಿಯಾಗಿ ಹಿಡಿಯೋ ವೈಸ್ ಇಲ್ವಾ? ಚೂಪು ಮೂತಿ ಇಕ್ಕಳದ ಹಿಡಿಕೆಗೆ ರಬ್ಬರ್ ಬ್ಯಾಂಡ್ ಬಿಗಿದ್ರೆ ಗಾಳ ಕಚ್ಕೊಂಡು ಕೂರತ್ತೆ.

ಗಾಳದ ಕಣ್ಣು, ಅಂದ್ರೆ ದಾರ ಪೋಣಿಸೋ ತೂತಿನ ಹಿಂದೆ 2 ಮಿಲಿಮೀಟರ್ ಬಿಟ್ಟು ದಾರ ಸುತ್ತುತ್ತಾ ಗಾಳ ಬಾಗೋ ಜಾಗದವರೆಗೆ ಹೋಗಿ, ಅಲ್ಲಿ ಬಾಲಕ್ಕೆ ಮೆತ್ತನೆ ಪುಕ್ಕ, ಹುಂಜದ ಕುತ್ತಿಗೆ ಗರಿಯ ತುದಿ, ಉಲನ್ ಎಳೆ ಮೂರನ್ನೂ ಕಟ್ಟಿ, ದಾರವನ್ನ ಮುಂದಕ್ಕೆ ತನ್ನಿ, ಆಮೇಲೆ ಉಲನ್ ಸುತ್ತಿ ಕಟ್ಟಿ, ಅದರ ಮೇಲೆ ಗರಿಯನ್ನ ಬಿಡಿಬಿಡಿಯಾಗಿ ಸುತ್ತಿದ್ರೆ ಎಳೆಗಳು ಕಂಬಳಿಹುಳದ ರೋಮದ ಥರ ನಿಲ್ತವೆ. ನನ್ನ ಮಗಳು ಪ್ರತಿಸಲ ಕಣ್ಣಿನವರೆಗೂ ಸುತ್ತಿ ತೂತು ಮುಚ್ತಾಳೆ, ಆಮೇಲೆ "ಅಪ್ಪಾ, ದಾರ ಎಲ್ಲಿ ಹಾಕೋದು" ಅಂತಾಳೆ.

ಕೊನೆಗೆ ನಾಲ್ಕೈದು ಗಂಟು, ಮೇಲೆ ಒಂದು ಹನಿ ನೇಲ್ ಪಾಲಿಶ್. ಒಣಗಿದ್ಮೇಲೆ ಬಕೆಟ್ ನೀರಲ್ಲಿ ಎಳೆದು ನೋಡಿ, ಪುಕ್ಕ ಅಲ್ಲಾಡಿದ್ರೆ ಮಳೆ ನಿಂತ್ಮೇಲೆ ಕಾಳಿ ನದಿ ದಡಕ್ಕೆ ಒಯ್ಯಬಹುದು.