ಅಂಗಿ ಗುಂಡಿಯಷ್ಟು ಚಿನ್ನದ ಹಿಂದೆ ಬಿದ್ದ ಕಥೆ

ನಾನು ಕೊಂಡ ಮೊದಲ ಅಮೆರಿಕನ್ ಚಿನ್ನದ ನಾಣ್ಯ 1889ರ ಒಂದು ಡಾಲರ್. ತೂಕ 1.67 ಗ್ರಾಂ, ಅಂಗಿ ಗುಂಡಿಯಷ್ಟೇ ಅಗಲ. ನಾಣ್ಯ ಮೇಳವೊಂದರಲ್ಲಿ ವ್ಯಾಪಾರಿ ಅದನ್ನು 'ಪ್ರೂಫ್' ಎಂದು ಹೇಳಿ ಕೊಟ್ಟ. ಕನ್ನಡಿ ಥರ ಹೊಳೆಯುತ್ತಿತ್ತು, ನಂಬಿದೆ. ಆಮೇಲೆ ಗ್ರೇಡಿಂಗ್‌ಗೆ, ಅಂದರೆ ನಾಣ್ಯ ಪರೀಕ್ಷಿಸಿ 70ಕ್ಕೆ ಇಷ್ಟು ಎಂದು ಅಂಕ ಕೊಟ್ಟು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿ ಕೊಡುವವರಿಗೆ, ಕಳಿಸಿದಾಗ ಚೀಟಿಯಲ್ಲಿ ಬಂದದ್ದು 'ಎಂಎಸ್ 62'. ಅಂದರೆ ಚಲಾವಣೆಗೆಂದು ಹೊಡೆದ ಮಾಮೂಲಿ ನಾಣ್ಯ. ಬೆಳ್ಳಗಿರೋದೆಲ್ಲ ಹಾಲಲ್ಲ ಅನ್ನುವುದು ಗೊತ್ತಿದ್ದೂ ದುಡ್ಡು ಕಳೆದುಕೊಂಡೆ.

ಪ್ರೂಫ್ ಎಂದರೆ ನಾಣ್ಯ ಎಷ್ಟು ಚೆನ್ನಾಗಿದೆ ಎಂಬ ಲೆಕ್ಕ ಅಲ್ಲ, ಅದನ್ನು ಹೊಡೆದ ರೀತಿ. ಅಚ್ಚನ್ನೂ ಚಿನ್ನದ ಬಿಲ್ಲೆಯನ್ನೂ ಮೊದಲೇ ಪಾಲಿಶ್ ಮಾಡಿ, ಜಾಸ್ತಿ ಒತ್ತಡ ಕೊಟ್ಟು ನಿಧಾನವಾಗಿ ಒತ್ತುತ್ತಾರೆ. ಆದರೆ 1880ರ ದಶಕದ ಒಂದು ಡಾಲರ್ ನಾಣ್ಯಗಳಲ್ಲಿ ಒಂದು ತೊಡಕಿದೆ. ಚಲಾವಣೆಗೆ ಹೊಡೆದದ್ದೂ ಕಡಿಮೆ. 1889ರಲ್ಲಿ 28,950, ಪ್ರೂಫ್ 1,779. ಅಚ್ಚಿನ ಪಾಲಿಶ್ ಸವೆಯುವಷ್ಟು ಕೆಲಸವೇ ಇರಲಿಲ್ಲ. ಹಾಗಾಗಿ ಮಾಮೂಲಿ ನಾಣ್ಯಕ್ಕೂ ಕನ್ನಡಿಯ ಹೊಳಪು ಬಂದುಬಿಡುತ್ತಿತ್ತು.

ಆಮೇಲೆ ನೋಡುವುದನ್ನು ಕಲಿತೆ. ಟ್ಯೂಬ್‌ಲೈಟ್ ಆಗುವುದಿಲ್ಲ, ಒಂದೇ ಒಂದು ಬಲ್ಬ್ ಬೇಕು. ನಾಣ್ಯವನ್ನು ಅಂಚಿನಲ್ಲಿ ಹಿಡಿದು ಮೆಲ್ಲಗೆ ಓರೆ ಮಾಡಬೇಕು. ಬಯಲಿನ, ಅಂದರೆ ಚಿತ್ರ, ಅಕ್ಷರ ಇಲ್ಲದ ಖಾಲಿ ಜಾಗದ ಹೊಳಪು ನೋಡಿ ಮರುಳಾಗಬಾರದು, ಇಸವಿಯ 8ರ ಹೊಟ್ಟೆಯೊಳಗೆ, ಅದರ ಸುತ್ತ ಇರುವ ಎಲೆಗಳ ಸಂದಿಯಲ್ಲಿ ಇಣುಕಬೇಕು. ನಿಜವಾದ ಪ್ರೂಫ್‌ನಲ್ಲಿ ಕನ್ನಡಿ ಅಲ್ಲಿಗೂ ಇಳಿದಿರುತ್ತದೆ. ಅಂಚು ಚಾಕುವಿನಲ್ಲಿ ಕೊಯ್ದ ಹಾಗೆ ಚೂಪಾಗಿರುತ್ತದೆ. ನನ್ನ ನಾಣ್ಯದ 8ರ ಒಳಗೆ ಮಬ್ಬು.

ಇನ್ನೂ ಹಳೆಯ ಪ್ರೂಫ್‌ಗಳ ಕಥೆಯೇ ಬೇರೆ. ಫಿಲಡೆಲ್ಫಿಯಾದ ಟಂಕಸಾಲೆ ಚಿನ್ನದ ನಾಣ್ಯ ಹೊಡೆಯಲು ಶುರು ಮಾಡಿದ್ದು 1795ರಲ್ಲಿ. ಆ ಕಾಲದಲ್ಲಿ ಪ್ರೂಫ್ ಅನ್ನುವುದು ಮಾರಾಟದ ಸರಕೇ ಅಲ್ಲ. ಗಣ್ಯರಿಗೆ, ಬೇಕಾದವರಿಗೆ ಒಂದೋ ಎರಡೋ ಹೊಡೆದುಕೊಟ್ಟರೆ ಮುಗಿಯಿತು. ಅಲ್ಲಿ ಕೆಲಸಕ್ಕಿದ್ದ ಆಡಂ ಎಕ್‌ಫೆಲ್ಟ್ ಕೆಲವನ್ನು ಎತ್ತಿಡದಿದ್ದರೆ ಅವೂ ಉಳಿಯುತ್ತಿರಲಿಲ್ಲ. ಆ ಸಂಗ್ರಹ 1923ರಲ್ಲಿ ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಮ್ಯೂಸಿಯಂಗೆ ಹೋಯಿತು.

ಹಳೆಯ ಐದು ಡಾಲರ್ ನಾಣ್ಯದ ತೂಕ 8.75 ಗ್ರಾಂ, ನಮ್ಮ ಒಡವೆಗಳ ಹಾಗೆ 22 ಕ್ಯಾರಟ್. ತೊಂದರೆ ಆಗಿದ್ದೇ ಅಲ್ಲಿ. ಯೂರೋಪಿನ ಪೇಟೆಯಲ್ಲಿ ಅದರ ಚಿನ್ನಕ್ಕೆ ಐದು ಡಾಲರಿಗಿಂತ ಜಾಸ್ತಿ ಬೆಲೆ. ಹಡಗು ಹತ್ತಿದ ನಾಣ್ಯ ಸೀದಾ ಕುಲುಮೆಗೆ. 1834ರಲ್ಲಿ ಕಾನೂನು ತಂದು ತೂಕವನ್ನು 8.36 ಗ್ರಾಂಗೆ ಇಳಿಸಿದರು. ಆಗ ಹಳೆಯದರಲ್ಲಿ ಚಿನ್ನ ಜಾಸ್ತಿ ಎಂದು ಮನೆಯಲ್ಲಿ ಉಳಿದಿದ್ದವನ್ನೂ ಜನ ಕರಗಿಸಿದರು.

ಅದೇ 1834ರದ್ದು ನನಗೆ ಬಹಳ ಇಷ್ಟವಾದ ಕಥೆ. ಎಡ್ಮಂಡ್ ರಾಬರ್ಟ್ಸ್ ಎಂಬ ಅಮೆರಿಕದ ರಾಯಭಾರಿ ಮಸ್ಕತ್ತಿನ ಸುಲ್ತಾನನಿಗೂ ಸಯಾಮಿನ (ಇಂದಿನ ಥಾಯ್ಲೆಂಡ್) ರಾಜನಿಗೂ ಉಡುಗೊರೆ ಒಯ್ಯಬೇಕಿತ್ತು. ನಾಣ್ಯಗಳ ಪೂರ್ತಿ ಸೆಟ್ ಬೇಕು. ಹತ್ತು ಡಾಲರಿನ ನಾಣ್ಯ ಹೊಡೆಯುವುದು 1804ರಲ್ಲೇ ನಿಂತಿತ್ತು. ಟಂಕಸಾಲೆಯವರು ಹೊಸ ಅಚ್ಚು ಮಾಡಿ, 1804 ಎಂದೇ ಇಸವಿ ಹಾಕಿ, ನಾಲ್ಕು ಪ್ರೂಫ್ ಹೊಡೆದರು. ಸುಳಿವು ಸಿಗುವುದು 4ರ ಅಂಕಿಯಲ್ಲಿ. ನಿಜವಾದ 1804ರ ನಾಣ್ಯದಲ್ಲಿ 4ರ ಅಡ್ಡಗೆರೆಯ ತುದಿಗೆ ಪುಟ್ಟ ಪಟ್ಟಿ ಇದೆ, 1834ರಲ್ಲಿ ಹೊಡೆದದ್ದರಲ್ಲಿ ಬೋಳು. ಇಸವಿಯನ್ನೇ ಹಿಂದಕ್ಕೆ ಹಾಕಿದ್ದಕ್ಕೆ ನಾವಾದರೆ ಏನೆನ್ನುತ್ತಿದ್ದೆವು, ಅಲ್ವಾ? ಇವತ್ತು ಅದಕ್ಕೆ ಕೋಟಿಗಟ್ಟಲೆ ಬೆಲೆ.

ಸಾಮಾನ್ಯ ಜನರಿಗೆ ಪ್ರೂಫ್ ಮಾರಲು ಶುರುವಾಗಿದ್ದು 1858ರ ಹೊತ್ತಿಗೆ. ಆಮೇಲೂ ಚಿನ್ನಕ್ಕೆ ಗಿರಾಕಿ ಕಡಿಮೆ. 1867ರ ಮೂರು ಡಾಲರಿನ ಪ್ರೂಫ್ ಹೊಡೆದದ್ದು ಬರೀ 50. ಅಂಥದ್ದೊಂದನ್ನು ನಾನು ಕೈಯಲ್ಲಿ ಹಿಡಿದಿದ್ದೇನೆ! ಕೊಂಡು ಅಲ್ಲ. ಹರಾಜಿಗೆ ಮುಂಚೆ ನಾಣ್ಯ ತೋರಿಸುತ್ತಾರೆ. ಹೆಸರು ಬರೆಸಿದರೆ ಸಾಕು, ದೀಪ ಇರುವ ಮೇಜಿನ ಮುಂದೆ ಕೂರಿಸಿ ಟ್ರೇ ತಂದಿಡುತ್ತಾರೆ. ಸುಮ್ನೆ ನೋಡಿ ಎದ್ದು ಬಂದರೂ ಯಾರೂ ಏನೂ ಅನ್ನುವುದಿಲ್ಲ. ಪುಸ್ತಕದಲ್ಲಿ ಕಲಿತದ್ದಕ್ಕಿಂತ ಆ ಮೇಜುಗಳಲ್ಲಿ ಕಲಿತದ್ದೇ ಹೆಚ್ಚು.

ಕೊನೆಗೂ ಒಂದು ಡಾಲರಿನ ನಿಜವಾದ ಪ್ರೂಫ್ ಕೊಂಡೆ. ಗ್ರೇಡ್ 61 ಮಾತ್ರ, ಬಯಲ ತುಂಬ ಕೂದಲೆಳೆ ಗೀರು. ಅದಕ್ಕೇ ನನ್ನ ಕೈಗೆಟುಕಿದ್ದು. ದಾವಣಗೆರೆಯಿಂದ ಬಂದಿದ್ದ ಅಮ್ಮ ಭೂತಗನ್ನಡಿಯಲ್ಲಿ ನೋಡಿದರು.

"ಇಷ್ಟು ದುಡ್ಡು ಕೊಟ್ಟು ಗೀರು ಬಿದ್ದಿರೋದು ತಂದ್ಯಾ? ಆ ಪ್ಲಾಸ್ಟಿಕ್ ಡಬ್ಬಿಯಿಂದ ತೆಗಿ. ಅಂಟುವಾಳದ ನೊರೇಲಿ ಉಜ್ಜಿ ಕೊಡ್ತೀನಿ, ಫಳಫಳ ಅನ್ನುತ್ತೆ."

"ಅಮ್ಮಾ, ಯಾರೋ ಹಂಗೇ ಒರೆಸಿದ್ದಕ್ಕೇ ಈ ಗೀರು."

"ಅವರಿಗೆ ಉಜ್ಜೋಕೆ ಬರ್ತಿರ್ಲಿಲ್ಲ ಬಿಡು."

ಡಬ್ಬಿಯನ್ನು ಬೀರುವಿನ ಮೇಲಿನ ಅರೆಯಲ್ಲಿಟ್ಟು ಬೀಗ ಹಾಕಿದೆ.