ನಿಂತುಕೊಂಡೇ ಚಕ್ಕಳಮಕ್ಕಳ: ಬ್ಯಾಂಕಾಕ್‌ನಲ್ಲಿ ನಾನು ಟಕ್ರಾ ಕಲಿತದ್ದು

ಕೆಲಸದ ಮೇಲೆ ಮೂರು ತಿಂಗಳು ಬ್ಯಾಂಕಾಕ್‌ನಲ್ಲಿದ್ದೆ. ಲುಂಪಿನಿ ಪಾರ್ಕ್ ನನ್ನ ರೂಮಿಂದ ನಡೆದು ಹೋಗುವಷ್ಟು ಹತ್ತಿರ. ಮೊದಲ ವಾರ ಎಲ್ಲರ ಹಾಗೆ ಒಳಗಿನ ಎರಡೂವರೆ ಕಿಲೋಮೀಟರ್ ಸುತ್ತು ಓಡಿದೆ. ಕೆರೆ ದಡದಲ್ಲಿ ದೊಡ್ಡ ದೊಡ್ಡ ಉಡಗಳು ಬಿಸಿಲು ಕಾಯುತ್ತಿರುತ್ತವೆ. ನಾವು ಅವುಗಳ ತಂಟೆಗೆ ಹೋಗದಿದ್ದರೆ ಅವೂ ನಮ್ಮ ತಂಟೆಗೆ ಬರುವುದಿಲ್ಲ. ಸಂಜೆ ಏರೋಬಿಕ್ಸ್ ನಡೆಯುತ್ತದೆ. ಹೆಸರು ಬರೆಸಬೇಕಿಲ್ಲ, ದುಡ್ಡೂ ಕೊಡಬೇಕಿಲ್ಲ, ಹಿಂದಿನ ಸಾಲಲ್ಲಿ ನಿಂತು ಶುರು ಮಾಡಿದರೆ ಆಯಿತು.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಪಾರ್ಕಿನ ಒಂದು ಮೂಲೆಯಲ್ಲಿ ಚೆಂಡು ಒದೆಯುತ್ತಿದ್ದ ಏಳೆಂಟು ಜನ. ಹೆಚ್ಚಿನವರು ಐವತ್ತು ದಾಟಿದವರು. ವೃತ್ತವಾಗಿ ನಿಂತು, ಕೈ ತಾಗಿಸದೆ, ಚೆಂಡು ನೆಲಕ್ಕೆ ಬೀಳದಂತೆ ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಿದ್ದರು. ಇದಕ್ಕೆ 'ಟಕ್ರಾ ವೊಂಗ್' ಅಂತಾರೆ. ಟಕ್ರಾ ಅಂದರೆ ಹೆಣೆದ ಚೆಂಡು, ವೊಂಗ್ ಅಂದರೆ ವೃತ್ತ. ನೆಟ್ ಕಟ್ಟಿ ಆಡುವ ಸೆಪಕ್ ಟಕ್ರಾ ನಮ್ಮವರಿಗೂ ಗೊತ್ತು. 2018ರ ಏಷ್ಯನ್ ಗೇಮ್ಸ್‌ನಲ್ಲಿ ಭಾರತದ ಗಂಡಸರ ತಂಡ ಅದರಲ್ಲಿ ಕಂಚು ಗೆದ್ದಿತ್ತು. ವೃತ್ತದ ಆಟದಲ್ಲಿ ಸೋಲು ಗೆಲುವು ಇಲ್ಲ. ಪಕ್ಕದವನಿಗೆ ಸುಲಭವಾಗುವ ಹಾಗೆ ಚೆಂಡು ಕೊಡುವುದೇ ಆಟ. ನನಗೆ ಇದು ತುಂಬಾ ಹಿಡಿಸಿತು.

ಎರಡು ಸಂಜೆ ಸುಮ್ನೆ ನಿಂತು ನೋಡಿದೆ. ಮೂರನೇ ದಿನ ಚೆಂಡು ನನ್ನ ಕಾಲ ಬಳಿ ಉರುಳಿ ಬಂತು. ಎತ್ತಿ ಕೊಡಲು ಹೋದಾಗ ಒಬ್ಬ ಹಿರಿಯರು ಅರ್ಧ ಹೆಜ್ಜೆ ಸರಿದು ಜಾಗ ಮಾಡಿದರು. ಅವರನ್ನು ಎಲ್ಲರೂ 'ಲುಂಗ್' ಅನ್ನುತ್ತಿದ್ದರು, ಅಂದರೆ ದೊಡ್ಡಪ್ಪ. ನಾನೂ ಹಾಗೇ ಕರೆದೆ.

ಚೆಂಡನ್ನು ಕೈಯಲ್ಲಿ ಹಿಡಿದು ನೋಡಬೇಕು. ಮೊದಲೆಲ್ಲ ಬೆತ್ತದಲ್ಲಿ ಹೆಣೆಯುತ್ತಿದ್ದರು, ಈಗ ಪ್ಲಾಸ್ಟಿಕ್ ಪಟ್ಟಿ. ನಮ್ಮ ಬುಟ್ಟಿ ಹೆಣಿಗೆಯ ಹಾಗೆಯೇ ಒಂದರ ಮೇಲೊಂದು, ಒಂದರ ಕೆಳಗೊಂದು. ಹನ್ನೆರಡು ತೂತು, ಒಳಗೆ ಬರೀ ಗಾಳಿ. ತೂಕ 170-180 ಗ್ರಾಂ ಅಷ್ಟೇ. ಆದರೂ ಗಟ್ಟಿ. ಮೊದಲ ಸಲ ಕಾಲ್ಬೆರಳಿಗೆ ಬಡಿದಾಗ ಚುರುಕ್ ಅಂದಿತು.

ಒದೆಯುವುದು ಕಾಲ್ಬೆರಳಲ್ಲಿ ಅಲ್ಲ, ಪಾದದ ಒಳಬದಿಯಲ್ಲಿ. ಮಂಡಿ ಹೊರಗೆ ತಿರುಗಬೇಕು, ಪಾದ ಮಟ್ಟವಾಗಿ ಮೇಲೇಳಬೇಕು. ನನಗೆ ಅದೇ ಆಗಲಿಲ್ಲ. ವರ್ಷಗಟ್ಟಲೆ ಕುರ್ಚಿಯಲ್ಲಿ ಕೂತು ಸೊಂಟದ ಕೀಲು ಬಿಗಿದುಹೋಗಿತ್ತು. ಬಲವಂತ ಮಾಡಿದೆ, ತೊಡೆಸಂದು ಹಿಡಿದುಕೊಂಡಿತು. ಹತ್ತು ದಿನ ಆಟ ಬಿಡಬೇಕಾಯಿತು.

ಆ ಬಿಡುವಿನಲ್ಲೇ ವಾಟ್ ಫೋ ದೇವಸ್ಥಾನಕ್ಕೆ ಹೋದೆ. ಮಲಗಿದ ಬುದ್ಧನನ್ನು ನೋಡಿ ಹೊರಗೆ ಬಂದರೆ, ಅಂಗಳದ ಕಲ್ಲುಗುಡ್ಡೆಗಳ ಮೇಲೆ ಜಟೆ ಕಟ್ಟಿದ ಋಷಿಗಳು! ಒಬ್ಬ ಕಾಲು ಮಡಚಿಕೊಂಡಿದ್ದಾನೆ, ಇನ್ನೊಬ್ಬ ತೋಳು ತಿರುಚಿಕೊಂಡಿದ್ದಾನೆ. 1836ರಲ್ಲಿ ಥಾಯ್ ದೊರೆ ಮೂರನೇ ರಾಮ ಇಂಥ 80 ವಿಗ್ರಹ ಮಾಡಿಸಿದ್ದರು, ಈಗ ಸ್ವಲ್ಪವೇ ಉಳಿದಿವೆ. ವಿಗ್ರಹಗಳು ತೋರಿಸುವ ಈ ವ್ಯಾಯಾಮಕ್ಕೆ ಥಾಯ್ ಹೆಸರು 'ರುಸಿ ದತ್ ತೊನ್'. ಋಷಿ ತನ್ನ ಮೈಯನ್ನು ತಾನೇ ಬಗ್ಗಿಸಿಕೊಳ್ಳುವುದು ಅಂತ ಅರ್ಥ. 'ರುಸಿ' ನಮ್ಮ ಋಷಿಯೇ ಅಂತ ಗೊತ್ತಾದಾಗ ಮೈ ಜುಮ್ಮೆಂದಿತು.

ಅಲ್ಲಿ ಕಾಲು ಮಡಚಿ ಕೂತ ವಿಗ್ರಹದ ಮುಂದೆ ನಿಂತಾಗ ನನಗೆ ಹೊಳೆಯಿತು: ಟಕ್ರಾದ ಒದೆತ ಅಂದರೆ ನಿಂತುಕೊಂಡು ಹಾಕುವ ಚಕ್ಕಳಮಕ್ಕಳ! ನೆಲದ ಮೇಲೆ ಊಟಕ್ಕೆ ಕೂತಾಗ ಕಾಲು ಹೇಗೆ ಮಡಚುತ್ತದೋ, ಅದನ್ನೇ ನಿಂತು ಮಾಡಬೇಕು. ಅಂದಿನಿಂದ ರೂಮಿನಲ್ಲಿ ಊಟ, ಲ್ಯಾಪ್‌ಟಾಪ್ ಕೆಲಸ ಎಲ್ಲಾ ನೆಲದ ಮೇಲೇ. ಬೆಳಿಗ್ಗೆ ಗೋಡೆ ಹಿಡಿದು ಒಂದೊಂದು ಕಾಲಿಗೆ ಮೂವತ್ತು ಸಲ, ಚೆಂಡಿಲ್ಲದೆ.

ಪಾರ್ಕಿಗೆ ವಾಪಸ್ ಹೋದಾಗ ಲುಂಗ್ ನನ್ನ ದಪ್ಪ ಅಟ್ಟೆಯ ರನ್ನಿಂಗ್ ಶೂ ತೋರಿಸಿ ತಲೆ ಅಲ್ಲಾಡಿಸಿದರು. ಅಲ್ಲಿನ ಆಟಗಾರರು ಹಾಕುವುದು ನಾನ್‌ಯಾಂಗ್ ಕಂಪನಿಯ ಕ್ಯಾನ್ವಾಸ್ ಶೂ. ತೆಳು ರಬ್ಬರ್ ಅಟ್ಟೆ, ಒಳಬದಿ ಮಟ್ಟಸ. ಅದನ್ನೇ ಕೊಂಡೆ. ಚೆಂಡು ನೇರ ಏಳತೊಡಗಿತು. ನಾನು ಚೆಂಡು ಬಿಟ್ಟಾಗಲೆಲ್ಲ ಲುಂಗ್ "ಜಾಯ್ ಯೆನ್ ಯೆನ್" ಅನ್ನುತ್ತಿದ್ದರು. ಮನಸ್ಸು ತಣ್ಣಗಿರಲಿ ಅಂತ.

ಸಂಜೆ ಆರಕ್ಕೆ ಧ್ವನಿವರ್ಧಕದಲ್ಲಿ ರಾಷ್ಟ್ರಗೀತೆ ಬರುತ್ತದೆ. ಓಡುವವರೂ ಇದ್ದಲ್ಲೇ ನಿಲ್ಲುತ್ತಾರೆ. ಆಗ ಮಾತ್ರ ಚೆಂಡನ್ನು ಕೈಯಲ್ಲಿ ಹಿಡಿಯಬಹುದು. ನೀವು ಹೋದರೂ ಅಷ್ಟು ಹೊತ್ತು ನಿಂತುಬಿಡಿ.

ಬರುವಾಗ ಒಂದು ಚೆಂಡು ತಂದೆ. ಈಗ ಭಾನುವಾರ ನಾನು, ಅಕ್ಕನ ಮಗಳು, ಪಕ್ಕದ ಮನೆಯ ಅಣ್ಣ, ಮೂವರೇ ಟೆರೇಸಿನ ಮೇಲೆ ವೃತ್ತ ನಿಲ್ಲುತ್ತೇವೆ. ಅವಳ ಬಲಗಾಲು ಚೆನ್ನಾಗಿ ಏಳುತ್ತದೆ. ಎಡಗಾಲಿಗೆ ಗೋಡೆ ಹಿಡಿಸಿ ದಿನಾ ಮೂವತ್ತು ಎಣಿಸುತ್ತಿದ್ದೇವೆ.